ಎಂಜಿಬಿ ಹತ್ತುವ ಸ್ವಿಫ್ಟ್ ಚಾಲಕರಿಗೆ

1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಎಂಜಿಬಿ ಎಂಬ ಎರಡು ಸೀಟಿನ ತೆರೆದ ಕಾರು ಹೊರಬಂತು. ತೂಕ ಸುಮಾರು 920 ಕಿಲೋ. ಎಂಜಿನ್ 1798 ಸಿಸಿ, 95 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ವೇಗ ಮುಟ್ಟಲು 12 ಸೆಕೆಂಡು ಬೇಕು. ಈಗ ನಿಮ್ಮ ಮನೆ ಮುಂದೆಯೋ ಪಕ್ಕದ ಮನೆಯವರ ಗೇಟಿನಲ್ಲೋ ನಿಂತಿರಬಹುದಾದ ಮಾರುತಿ ಸ್ವಿಫ್ಟ್ ನೋಡಿ. ಅದೂ 900 ಕಿಲೋ ಆಸುಪಾಸು, 80 ಚಿಲ್ಲರೆ ಅಶ್ವಶಕ್ತಿ, ಓಟದಲ್ಲೂ ಹೆಚ್ಚುಕಡಿಮೆ ಸಮಸಮ. ಅಂದಿನ ಸ್ಪೋರ್ಟ್ಸ್ ಕಾರು ಇಂದಿನ ಸಂಸಾರಸ್ಥರ ಕಾರಿನಷ್ಟೇ ಚುರುಕು. ಹಾಗಿದ್ದರೂ ಸ್ವಿಫ್ಟ್‌ನಲ್ಲಿ ಪಳಗಿದ ಕೈ ಎಂಜಿಬಿಯ ಮೊದಲ ತಿರುವಿನಲ್ಲೇ ತಡಬಡಾಯಿಸುತ್ತದೆ.

1980ರಲ್ಲಿ ನಿಲ್ಲಿಸುವವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಬಿಡಿಭಾಗಗಳು ಈಗಲೂ ಹೊಸದಾಗಿ ಸಿಗುತ್ತವೆ. ಹೀಗಾಗಿ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗರು 'ಒಂದು ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳೋಣ' ಎಂದು ಮನಸ್ಸು ಮಾಡಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಈ ಬರಹದಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ಹಿಡಿದಿದ್ದೇನೆ.

ಹಳೇ ಕಾರುಗಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಅವುಗಳಿಗೆ ಜೀವವಿತ್ತು, ಇಂದಿನವು ಚಕ್ರ ಹಚ್ಚಿದ ಕಂಪ್ಯೂಟರು ಎನ್ನುವುದು ಒಂದು. ಅವು ಓಡಾಡುವ ಅಪಾಯ, ಮ್ಯೂಸಿಯಮ್ಮಿನಲ್ಲಿರಲಿ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧರ್ಧ ಸತ್ಯವಿದೆ. ಹಳೇ ಕಾರಿನ ಹಿಡಿತದ ಮಿತಿ ಕೆಳಗಿದೆ, ಆದರೆ ಒಳ್ಳೆಯ ಕಾರಾದರೆ ಮಿತಿ ಹತ್ತಿರ ಬಂತೆಂದು ಮುಂಚೆಯೇ ಹೇಳುತ್ತದೆ. ಹೊಸ ಕಾರಿನ ಮಿತಿ ಬಹಳ ಮೇಲಿದೆ, ಅಲ್ಲಿಗೆ ಮುಟ್ಟುವವರೆಗೆ ತುಟಿ ಬಿಚ್ಚುವುದಿಲ್ಲ. ಹೇಳದೆ ಕೇಳದೆ ಕೈಕೊಡುವ ಹಳೇ ಕಾರುಗಳೂ ಇದ್ದವು, ಅವು ಯಾವುವೆಂದು ತಿಳಿದಿರಬೇಕು. ಇನ್ನು 'ಹಳೇ ಕಾರಿನ ಸ್ವಭಾವವೇ ಹಾಗೆ' ಎಂದು ಜನ ಸಹಿಸಿಕೊಳ್ಳುವ ಓಲಾಟ, ತೇಲಾಟಗಳಲ್ಲಿ ಬಹುಪಾಲು ಸ್ವಭಾವವೇ ಅಲ್ಲ. ಸವೆದ ರಬ್ಬರು, ಒಣಗಿದ ಗ್ರೀಸು.

ಟೈರಿನಿಂದ ಶುರು

ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗೆ ಬರುವ ಟೈರಿನ ಅಳತೆ 165/80 ಆರ್14. ಎಂಜಿಬಿಗೆ ಹಾಕುತ್ತಿದ್ದ ರೇಡಿಯಲ್ ಟೈರೂ 165, ರಿಮ್ಮೂ 14 ಇಂಚು. ಅಳತೆ ಒಂದೇ! ಆದರೆ ಮೊದಮೊದಲ ಎಂಜಿಬಿಗಳು ಕಾರ್ಖಾನೆಯಿಂದ ಬರುತ್ತಿದ್ದುದು ಕ್ರಾಸ್‌ಪ್ಲೈ ಟೈರಿನಲ್ಲಿ. ಒಳಗಿನ ದಾರದ ಪದರಗಳು ಒಂದಕ್ಕೊಂದು ಓರೆಯಾಗಿ ಹಾದುಹೋಗುವ ಹಳೇ ಬಗೆಯ ಟೈರು ಅದು. ತಿರುವಿನಲ್ಲಿ ಅದರ ಮೈ ತಿರುಚಿಕೊಳ್ಳುತ್ತದೆ. ಚಕ್ರ ನೋಡುವ ದಿಕ್ಕು ಒಂದು, ಕಾರು ಸಾಗುವ ದಿಕ್ಕು ಇನ್ನೊಂದು. ಎರಡರ ನಡುವಿನ ಕೋನ ದೊಡ್ಡದು. ಹಿಡಿತ ಕಡಿಮೆಯಾದರೂ ಬಿಡುವಾಗ ನಿಧಾನವಾಗಿ, ಕೂಗಿ ಹೇಳಿ ಬಿಡುತ್ತದೆ. ಹಳೇ ರೇಸಿನ ಫೋಟೋಗಳಲ್ಲಿ ಕಾರುಗಳು ನಾಲ್ಕೂ ಚಕ್ರದಲ್ಲಿ ಅಡ್ಡಡ್ಡ ಜಾರುತ್ತ ತಿರುಗುವುದನ್ನು ನೋಡಿದ್ದರೆ, ಅದರಲ್ಲಿ ಚಾಲಕನ ಶೌರ್ಯದಷ್ಟೇ ಟೈರಿನ ಪಾಲೂ ಇದೆ.

ಮಿಷೆಲಿನ್ ಕಂಪನಿ 1940ರ ದಶಕದ ಕೊನೆಯಲ್ಲೇ ರೇಡಿಯಲ್ ಟೈರು ತಂದಿತ್ತು. ಎಲ್ಲ ಕಾರುಗಳಿಗೂ ಅದು ತಲುಪಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ರೇಡಿಯಲ್ ಟೈರಿನ ಪಕ್ಕೆ ಮೃದು, ನೆಲಕ್ಕೊತ್ತುವ ಪಟ್ಟಿ ಬಿಗಿ. ಚಿಕ್ಕ ಕೋನದಲ್ಲೇ ಹೆಚ್ಚು ಹಿಡಿತ ಕೊಡುತ್ತದೆ. ಇಂದಿನ ತೆಳುಪಕ್ಕೆಯ ಅಗಲ ಟೈರುಗಳಲ್ಲಿ ಈ ಗುಣ ಇನ್ನೂ ತೀಕ್ಷ್ಣ: ಹಿಡಿತ ಅಪಾರ, ಆದರೆ ಬಿಟ್ಟರೆ ತಟ್ಟನೆ ಬಿಡುತ್ತದೆ.

ಇದರಿಂದ ಎಂಜಿಬಿ ಮಾಲೀಕರು ತಿಳಿಯಬೇಕಾದದ್ದು ಇಷ್ಟು. ಒಂದೇ ಕಾರಿಗೆ ಕ್ರಾಸ್‌ಪ್ಲೈ, ರೇಡಿಯಲ್ ಎರಡನ್ನೂ ಬೆರೆಸಬೇಡಿ. ಹಳೇ ಕಾರಿಗೆ ತೀರಾ ಅಗಲದ ಟೈರು ಹಾಕಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಮೈ ಇನ್ನಷ್ಟು ವಾಲುತ್ತದೆ. ಆ ಸಸ್ಪೆನ್ಷನ್ ಅಷ್ಟು ಹಿಡಿತಕ್ಕೆಂದು ಮಾಡಿದ್ದಲ್ಲ. ಮೂಲ ಅಳತೆಯ ಒಳ್ಳೆಯ ರೇಡಿಯಲ್ ಸಾಕು. ಎಲ್ಲಕ್ಕಿಂತ ಮೊದಲು ಟೈರಿನ ಪಕ್ಕೆಯ ಮೇಲಿನ ತಾರೀಖು ಓದಿ. ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2315 ಎಂದಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕರ ಬದಲು ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನ ಟೈರು. ಅಂಥ ಕಾರನ್ನು ಓಡಿಸಿ ನೋಡುವ ಯೋಚನೆಯನ್ನೂ ಮಾಡಬೇಡಿ. ವರ್ಷಕ್ಕೆ ನೂರಿನ್ನೂರು ಕಿಲೋಮೀಟರು ಓಡುವ ಕಾರಿನಲ್ಲಿ ಗೀಟು ಸವೆಯುವ ಮೊದಲೇ ರಬ್ಬರು ಗಟ್ಟಿಯಾಗಿ ಸತ್ತಿರುತ್ತದೆ. ನೋಡಲು ಹೊಚ್ಚ ಹೊಸದು, ಒದ್ದೆ ರಸ್ತೆಯಲ್ಲಿ ಸೋಪು.

ಕೈಗೆ ತಿಳಿಯುವುದು

ಎಂಜಿಬಿಯ ಸ್ಟಿಯರಿಂಗಿಗೆ ಪವರ್ ನೆರವಿಲ್ಲ. ರ‍್ಯಾಕ್ ಅಂಡ್ ಪಿನಿಯನ್, ಈ ತುದಿಯಿಂದ ಆ ತುದಿಗೆ ಸುಮಾರು ಮೂರು ಸುತ್ತು. ನಿಂತ ಕಾರಿನಲ್ಲಿ ಚಕ್ರ ತಿರುಗಿಸಲು ಹೋದರೆ ತೋಳು ನೋಯುತ್ತದೆ. ಕಾರು ಒಂದಿಷ್ಟು ಉರುಳುತ್ತಿರುವಾಗ ತಿರುಗಿಸುವುದನ್ನು ರೂಢಿ ಮಾಡಿಕೊಳ್ಳಿ, ರ‍್ಯಾಕಿಗೂ ಅದೇ ಒಳ್ಳೆಯದು. ವೇಗ ಏರಿದಂತೆ ಹಗುರವಾಗುತ್ತದೆ, ಆದರೆ ಸ್ವಿಫ್ಟ್‌ನಷ್ಟು ಹಗುರ ಎಂದೂ ಆಗುವುದಿಲ್ಲ. ಮುಂಚಕ್ರದ ಕ್ಯಾಸ್ಟರ್ ಕೋನ, ಅಂದರೆ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿದ ಕೋನ, ಏಳು ಡಿಗ್ರಿಯಷ್ಟಿರುವುದರಿಂದ ಸ್ಟಿಯರಿಂಗ್ ಸದಾ ನೇರಕ್ಕೆ ಬರಲು ಎಳೆಯುತ್ತಲೇ ಇರುತ್ತದೆ.

ಈ ಎಳೆತವೇ ಹಳೇ ಕಾರಿನ ದೊಡ್ಡ ಸೌಲಭ್ಯ. ತಿರುವಿನಲ್ಲಿ ಟೈರು ತನ್ನ ಮಿತಿಯ ಸಮೀಪಕ್ಕೆ ಹೋದಾಗ, ಚಕ್ರವನ್ನು ನೇರಕ್ಕೆ ತರುವ ಬಲ ಹಿಡಿತಕ್ಕಿಂತ ಮೊದಲೇ ಕುಗ್ಗತೊಡಗುತ್ತದೆ. ಟೈರು ಇನ್ನೂ ನೆಲ ಕಚ್ಚಿಕೊಂಡಿದೆ, ಆದರೆ ಸ್ಟಿಯರಿಂಗ್ ಆಗಲೇ ಕೈಯಲ್ಲಿ ಸಡಿಲ. ಗಾಳಿಪಟ ಹಾರಿಸಿದವರಿಗೆ ಇದು ಗೊತ್ತು: ಪಟ ಕೆಳಗಿಳಿಯುವುದು ಕಣ್ಣಿಗೆ ಕಾಣುವ ಮುಂಚೆ ದಾರ ಬೆರಳಿಗೆ ಹೇಳುತ್ತದೆ. ಅಂಥ ಕ್ಷಣದಲ್ಲಿ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುವುದರಿಂದ ಪ್ರಯೋಜನವಿಲ್ಲ. ಒಂದಿಷ್ಟು ನೇರ ಮಾಡಿ, ಟೈರಿಗೆ ಉಸಿರು ಬಿಡಲು ಜಾಗ ಕೊಡಿ, ಹಿಡಿತ ಮರಳುತ್ತದೆ.

ಇಂದಿನ ಕಾರುಗಳಲ್ಲಿ ಈ ಸುದ್ದಿ ಎಲೆಕ್ಟ್ರಿಕ್ ಮೋಟಾರಿನ ಮೂಲಕ ಹಾದು ಬರಬೇಕು. ಗುಂಡಿಯ ಹೊಡೆತ ಕೈಗೆ ಬೀಳದಂತೆ ಮೋಟಾರು ತಡೆಯುತ್ತದೆ, ಅದರ ಜತೆ ಬೇಕಾದ ಸುದ್ದಿಯೂ ಸೋಸಿ ಹೋಗುತ್ತದೆ. ಸಣ್ಣ ಕಾರಿನಲ್ಲಿ ಯಾರೂ ಗೊಣಗಲಿಲ್ಲ. 2011ರಲ್ಲಿ ಪೋರ್ಷೆ ತನ್ನ 911ಕ್ಕೆ ಎಲೆಕ್ಟ್ರಿಕ್ ಸ್ಟಿಯರಿಂಗ್ ಹಾಕಿದಾಗ ಮಾತ್ರ ಕಾರುಪ್ರಿಯರು ಗದ್ದಲ ಎಬ್ಬಿಸಿದರು. ಗದ್ದಲದಲ್ಲಿ ಹುರುಳಿತ್ತು. ಹಾಗೆಂದು ದಿನಾ ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರು ಏಳು ಡಿಗ್ರಿ ಕ್ಯಾಸ್ಟರಿಗೆ ಹಂಬಲಿಸಬೇಕಿಲ್ಲ.

ಹಿಂದಿನ ಆಕ್ಸಲಿನ ಜಾತಕ

ಹಳೇ ಸ್ಪೋರ್ಟ್ಸ್ ಕಾರು ನಂಬಿಗಸ್ತನೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ಅದರ ಹಿಂಭಾಗ ತೀರ್ಮಾನಿಸುತ್ತದೆ. ಎಂಜಿಬಿಯ ಹಿಂದೆ ಎರಡೂ ಚಕ್ರಗಳನ್ನು ಕೂಡಿಸಿದ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಪಟ್ಟಿ ಸ್ಪ್ರಿಂಗು. ಅಂಬಾಸಿಡರ್ ಕಾರಿನ ಕೆಳಗೆ ಬಗ್ಗಿ ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಅಂಬಾಸಿಡರಿನಲ್ಲಿ ದಶಕಗಟ್ಟಲೆ ಗುಡುಗಿದ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಅಂಬಾಸಿಡರ್ ಬಿಚ್ಚಿ ಜೋಡಿಸಿದ ನಮ್ಮೂರ ಮೇಸ್ತ್ರಿಗೆ ಎಂಜಿಬಿಯ ಬಾನೆಟ್ ಎತ್ತಿಕೊಟ್ಟರೆ ಕಕ್ಕಾಬಿಕ್ಕಿಯಾಗುವುದಿಲ್ಲ.

ಗಟ್ಟಿ ಆಕ್ಸಲಿನ ದೋಷ ಸ್ಪಷ್ಟ. ತಿರುವಿನ ಮಧ್ಯೆ ಒಂದು ಚಕ್ರ ಉಬ್ಬು ಹತ್ತಿದರೆ ಇನ್ನೊಂದಕ್ಕೂ ಅದರ ಏಟು ಬೀಳುತ್ತದೆ, ಹಿಂಭಾಗ ಪಕ್ಕಕ್ಕೆ ಒಂದು ಗೇಣು ಕುಪ್ಪಳಿಸುತ್ತದೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ. ಏನೂ ಮಾಡಬೇಡಿ, ತಾನೇ ಸರಿಹೋಗುತ್ತದೆ. ಗುಣವೂ ಇದೆ: ಎರಡೂ ಹಿಂಚಕ್ರಗಳು ನೆಲಕ್ಕೆ ಸದಾ ನೆಟ್ಟಗೆ ನಿಲ್ಲುತ್ತವೆ, ಇದ್ದಕ್ಕಿದ್ದಂತೆ ಬಣ್ಣ ಬದಲಿಸುವುದಿಲ್ಲ.

ಬಣ್ಣ ಬದಲಿಸುವ ಕಾರು ಎಂಜಿಬಿ ಬಂದ ವರ್ಷವೇ ಬಂದ ಟ್ರಯಂಫ್ ಸ್ಪಿಟ್‌ಫೈರ್. ಅದರ ಅಡಿಪಾಯ ಟ್ರಯಂಫ್ ಹೆರಾಲ್ಡ್‌ನದು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್ ತಯಾರಿಸಿದ, ಬೆಂಗಳೂರು ಮೈಸೂರಿನ ಹಳಬರು ಈಗಲೂ ನೆನೆಯುವ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಒಡಹುಟ್ಟು. ಇಲ್ಲಿ ಹಿಂದಿನ ಎರಡು ಅರ್ಧ ಆಕ್ಸಲುಗಳು ನಡುವಿನ ಡಿಫರೆನ್ಷಿಯಲ್ ಬಳಿ ಮಾತ್ರ ಮಡಚುತ್ತವೆ, ಸ್ವಿಂಗ್ ಆಕ್ಸಲ್ ಎನ್ನುತ್ತಾರೆ. ನೇರ ರಸ್ತೆಯಲ್ಲಿ ಹಾಯಾಗಿದೆ. ವೇಗವಾಗಿ ತಿರುವಿಗೆ ನುಗ್ಗಿ, ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ಕಿತ್ತರೆ ಕಾರಿನ ಭಾರ ಮುಂದಕ್ಕೆ ಹೋಗಿ ಹಿಂಭಾಗ ಮೇಲೇಳುತ್ತದೆ. ಆಗ ಹೊರಗಿನ ಹಿಂಚಕ್ರ ಕಾರಿನ ಅಡಿಗೆ ಮಡಚಿಕೊಂಡು ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ಒಂದೇ ಏಟಿಗೆ ಮಾಯ, ಕಾರು ಗಿರಕಿ. 1970ರಲ್ಲಿ ಬಂದ ಮಾರ್ಕ್ 4 ಮಾದರಿಯಲ್ಲಿ ಸ್ಪ್ರಿಂಗಿನ ಜೋಡಣೆ ಬದಲಿಸಿ ಈ ಕಾಯಿಲೆಯನ್ನು ಬಹಳಷ್ಟು ವಾಸಿ ಮಾಡಿದರು. ಸ್ಪಿಟ್‌ಫೈರ್ ಕೊಳ್ಳುವ ಮನಸ್ಸಿದ್ದವರಿಗೆ ನನ್ನ ಸಲಹೆ ಮಾರ್ಕ್ 4 ಅಥವಾ ಅದರ ನಂತರದ್ದು. ಅದಕ್ಕೂ ಹಿಂದಿನದು ನೋಡಲು ಚೆಂದ, ಅಷ್ಟೇ.

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಷೆ 911ರ ಕಥೆ ಇನ್ನೊಂದು ಬಗೆ. ಎಂಜಿನ್ ಹಿಂದಿನ ಆಕ್ಸಲಿಗೂ ಹಿಂದೆ ನೇತಾಡುತ್ತಿತ್ತು. ತಿರುವಿನಲ್ಲಿ ಕಾಲೆತ್ತಿದರೆ ಆ ಭಾರ ಹೊರಕ್ಕೆ ಬೀಸುತ್ತಿತ್ತು. ಮುಂಭಾಗಕ್ಕೆ ಭಾರ ಕೊಡಲು ಕಂಪನಿಯವರು ಕೆಲವು ಆರಂಭದ ಕಾರುಗಳ ಮುಂದಿನ ಬಂಪರಿನ ಮೂಲೆಗಳಲ್ಲಿ ಒಂದೊಂದು 11 ಕಿಲೋ ಕಬ್ಬಿಣದ ಗಟ್ಟಿ ಬಚ್ಚಿಟ್ಟರು! 1969ರ ಮಾದರಿಗೆ ಹಿಂಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿ, ಬ್ಯಾಟರಿಯನ್ನು ಎರಡು ಮಾಡಿ ಮುಂದಿನ ಎರಡು ಮೂಲೆಗೆ ಹಂಚಿದರು. ಕಾರು ಸಾಕಷ್ಟು ಸಂಭಾವಿತವಾಯಿತು. ಆದರೆ ಹಿಂಭಾಗಕ್ಕೆ ಮಲ್ಟಿಲಿಂಕ್ ಸಸ್ಪೆನ್ಷನ್ ಸಿಗಲು 1990ರ ದಶಕದ 993 ಎಂಬ ಮಾದರಿ ಬರಬೇಕಾಯಿತು.

ಈ ಮೂರೂ ಕಾರುಗಳಿಗೆ ಚಾಲಕ ಮಾಡುವ ತಪ್ಪು ಒಂದೇ, ಶಿಕ್ಷೆ ಬೇರೆ ಬೇರೆ. ತಿರುವಿನ ಮಧ್ಯೆ ಹೆದರಿ ಕಾಲೆತ್ತಿದರೆ ಎಂಜಿಬಿ ಮೂತಿಯನ್ನು ಕೊಂಚ ಒಳಕ್ಕೆ ಎಳೆದುಕೊಂಡು ಸುಮ್ಮನಾಗುತ್ತದೆ. ಹಳೇ ಸ್ಪಿಟ್‌ಫೈರ್ ಮಡಚುತ್ತದೆ. ಹಳೇ 911 ಬೀಸುತ್ತದೆ. ಇಂದಿನ ಸ್ವಿಫ್ಟ್‌ನಲ್ಲಿ ಹೀಗೆ ಮಾಡಿದರೆ ಇಎಸ್‌ಪಿ ಎಂಬ ವ್ಯವಸ್ಥೆ ಯಾವ ಚಕ್ರಕ್ಕೆ ಬ್ರೇಕ್ ಬೇಕೋ ಅದೊಂದಕ್ಕೇ ಒತ್ತಿ ಕಾರನ್ನು ಸಾಲಿಗೆ ತರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಮಿಣುಕುವುದು ಬಿಟ್ಟರೆ ಚಾಲಕನಿಗೆ ತಾನು ತಪ್ಪು ಮಾಡಿದೆನೆಂಬುದೇ ತಿಳಿಯುವುದಿಲ್ಲ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಮಾರುಕಟ್ಟೆಗೆ ತಂದ ಈ ಸಾಧನ ಉಳಿಸಿರುವ ಜೀವಗಳ ಮುಂದೆ ಸ್ಟಿಯರಿಂಗಿನ ಸೊಗಸಿನ ಮಾತು ನಾಚಬೇಕು. ಆದರೆ ಹತ್ತು ವರ್ಷ ಹಾಗೆ ಓಡಿಸಿದ ಕಾಲು ಹಳೇ ಕಾರಿನಲ್ಲಿ ಮಾಡಬಾರದ್ದನ್ನೇ ಕಲಿತಿರುತ್ತದೆ.

ಎತ್ತರ ಏರಿ ಕೆಟ್ಟ ಕಾರು

ನಡುವೆ ಒಂದು ಪ್ರಸಂಗ ಹೇಳಲೇಬೇಕು, ಏಕೆಂದರೆ ಕೊಳ್ಳುವವರ ಜೇಬಿಗೆ ಸಂಬಂಧಿಸಿದ್ದು. ಅಮೆರಿಕದ ಬಂಪರ್ ನಿಯಮಗಳಿಗಾಗಿ 1974ರ ಕೊನೆಯ ಹೊತ್ತಿಗೆ ಎಂಜಿಬಿಗೆ ದೊಡ್ಡ ಕಪ್ಪು ರಬ್ಬರ್ ಬಂಪರು ಬಂತು. ಬಂಪರು ನಿಗದಿತ ಎತ್ತರದಲ್ಲಿರಬೇಕೆಂದು ಇಡೀ ಕಾರನ್ನೇ ಒಂದಂಗುಲಕ್ಕೂ ಮಿಕ್ಕಿ ಮೇಲೆತ್ತಿದರು. ಸಾಲದ್ದಕ್ಕೆ ಖರ್ಚು ಉಳಿಸಲು ಕಾರು ವಾಲದಂತೆ ತಡೆಯುವ ಮುಂದಿನ ಆಂಟಿ ರೋಲ್ ಬಾರನ್ನು ತೆರೆದ ಮಾದರಿಯಿಂದ ತೆಗೆದರು. ಹನ್ನೆರಡು ವರ್ಷ ನೆಟ್ಟಗೆ ತಿರುಗುತ್ತಿದ್ದ ಕಾರು ದೋಣಿಯಂತೆ ವಾಲತೊಡಗಿತು. ತಪ್ಪು ತಿಳಿದು 1977ರ ಮಾದರಿಗೆ ಮುಂದೆ ಹಿಂದೆ ಎರಡೂ ಕಡೆ ಬಾರ್ ಹಾಕಿದರು, ಗುಣ ಬಹುಪಾಲು ಮರಳಿತು. ಹಾಗಾಗಿ 1975, 76ರ ತೆರೆದ ಎಂಜಿಬಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ಬಾರ್ ಇದೆಯೇ ಎಂದು ಬಗ್ಗಿ ನೋಡಿ. ಇಲ್ಲದಿದ್ದರೂ ಚಿಂತೆಯಿಲ್ಲ. ಬಾರ್ ಹಾಕಿ ಎತ್ತರ ಇಳಿಸುವ ಬಿಡಿಭಾಗಗಳು ಸಿಗುತ್ತವೆ, ಖರ್ಚನ್ನು ಬೆಲೆಯಲ್ಲಿ ಕಳೆದರಾಯಿತು.

ಬ್ರೇಕು ಮತ್ತು ಮೊದಲ ಅರ್ಧ ಗಂಟೆ

ಎಂಜಿಬಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಸ್ವಿಫ್ಟ್‌ಗೂ ಅಷ್ಟೇ. ಆದರೆ ಆರಂಭದ ಎಂಜಿಬಿಗಳಲ್ಲಿ ಬೂಸ್ಟರ್ ಇರಲಿಲ್ಲ, ಎಬಿಎಸ್ ಕೇಳುವಂತೆಯೇ ಇಲ್ಲ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದ ಮೇಲೆ ಕಾರು ಕಲಿತವರಿಗೆ ಚಕ್ರ ಲಾಕ್ ಆಗುವುದೆಂದರೇನೆಂದೇ ಗೊತ್ತಿರುವುದಿಲ್ಲ. ಲಾಕ್ ಆದ ಮುಂಚಕ್ರವನ್ನು ಎತ್ತ ತಿರುಗಿಸಿದರೂ ಕಾರು ತಿರುಗದು, ನೇರ ಹೋಗುತ್ತದೆ. ಬ್ರೇಕ್ ಕೊಂಚ ಬಿಟ್ಟು ಮತ್ತೆ ಒತ್ತಬೇಕು. ಕಾಲಿಗೆ ಇದು ಬರಬೇಕಾದರೆ ಖಾಲಿ ಮೈದಾನದಲ್ಲಿ 30, 40 ಕಿ.ಮೀ. ವೇಗದಲ್ಲಿ ನಾಲ್ಕಾರು ಸಲ ಬೇಕೆಂದೇ ಚಕ್ರ ಲಾಕ್ ಮಾಡಿ ಬಿಡಿಸಿ ನೋಡಿ. ಅಂದಹಾಗೆ, ಹಳೆಯ ಎಂಜಿಬಿಗಳ ಬ್ರೇಕಿಗೆ ಒಂದೇ ಸರ್ಕ್ಯೂಟು; ಒಂದು ಪೈಪು ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಯಿತು. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹ್ಯಾಂಡ್‌ಬ್ರೇಕು ಬಿಗಿಯಾಗಿರಲಿ. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನಿಗೆ ಕೆಲಸ ಕೊಡಿ.

ಹೊರಟ ಮೊದಲ ಹತ್ತು ಹದಿನೈದು ನಿಮಿಷ ಎಂಜಿನ್, ಗೇರ್‌ಬಾಕ್ಸ್ ಎರಡೂ ತಣ್ಣಗಿರುತ್ತವೆ, ಅವಸರ ಬೇಡ. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಮೊದಲ ಗೇರಿಗೆ ಅದನ್ನು ಸಲೀಸಾಗಿ ಕೂಡಿಸುವ ಸಿಂಕ್ರೋಮೆಶ್ ಇಲ್ಲ, ಕಾರು ಪೂರ್ತಿ ನಿಂತ ಮೇಲೆ ಹಾಕಿ. ಮುಂದಿನ ವಾಹನಕ್ಕೆ ಸ್ವಿಫ್ಟ್‌ನಲ್ಲಿ ಬಿಡುವ ಅಂತರದ ಎರಡು ಪಟ್ಟು ಬಿಡಿ. ಎದುರಿನ ಹೊಸ ಕಾರು ಗಕ್ಕನೆ ನಿಲ್ಲಬಲ್ಲದು, ನಿಮ್ಮದು ನಿಲ್ಲದು.

ತಿರುವಿನ ಕೆಲಸ ತಿರುವಿಗಿಂತ ಬಹಳ ಮುಂಚೆ ಶುರುವಾಗಬೇಕು. ನೇರದಲ್ಲೇ ಬ್ರೇಕ್ ಮುಗಿಸಿ, ಗೇರ್ ಬದಲಿಸಿ. ಸ್ಟಿಯರಿಂಗನ್ನು ಒಂದೇ ನಿಧಾನದ ಓಟದಲ್ಲಿ ತಿರುಗಿಸಿ. ಕಾರು ವಾಲುತ್ತದೆ, ವಾಲಿ ಒಂದು ಕಡೆ ನೆಲೆ ನಿಲ್ಲುತ್ತದೆ. ಹೊಸಬರು ಗಾಬರಿಯಾಗುವುದು ಈ ವಾಲುವ ಅರೆ ಸೆಕೆಂಡಿನಲ್ಲಿ. ಕಾಯಿರಿ. ನೆಲೆ ನಿಂತ ಮೇಲೆ ಆಕ್ಸಿಲರೇಟರನ್ನು ಹಗುರವಾಗಿ ಒತ್ತುತ್ತ ಹೋದರೆ ಹಿಂಭಾಗ ಕೂತುಕೊಂಡು ಕಾರು ತಿರುವಿನಿಂದ ಸೊಗಸಾಗಿ ಹೊರಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲೇ ಇಷ್ಟೆಲ್ಲ ನಡೆಯುತ್ತದೆ. ಅಷ್ಟೇ ವೇಗದಲ್ಲಿ ಸ್ವಿಫ್ಟ್ ಓಡಿಸುವವರು ಅರ್ಧ ಗಮನವನ್ನು ಹಾಡಿನ ಮೇಲೆ ಇಟ್ಟಿರುತ್ತಾರೆ.

ದೂರುವ ಮುನ್ನ ಜಾಕ್ ಹಾಕಿ

ಕಾರು ರಸ್ತೆ ತುಂಬ ಅಲೆಯುತ್ತದೆ, ಸ್ಟಿಯರಿಂಗ್ ನಡುಗುತ್ತದೆ ಎಂದರೆ ಇಂಗ್ಲಿಷ್ ಎಂಜಿನಿಯರುಗಳನ್ನು ಬೈಯುವ ಮೊದಲು ಮುಂಚಕ್ರ ನೆಲ ಬಿಡುವಂತೆ ಜಾಕ್ ಹಾಕಿ ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕಟಕ ಎಂದಿತೇ? ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ದೋಷ ವೀಲ್ ಬೇರಿಂಗಿನದು, ನಿಲ್ಲದಿದ್ದರೆ ಮುಂಚಕ್ರ ಎಡಬಲ ತಿರುಗುವ ಅಚ್ಚಾದ ಕಿಂಗ್‌ಪಿನ್ ಸವೆದಿದೆ. ಎಂಜಿಬಿಯ ಕಿಂಗ್‌ಪಿನ್ನಿಗೆ ಪ್ರತಿ ಬದಿ ಮೂರು ಗ್ರೀಸ್ ನಿಪ್ಪಲುಗಳಿವೆ. 3,000 ಮೈಲಿಗೊಮ್ಮೆ, ಚಕ್ರದ ಮೇಲಿನ ಭಾರ ಇಳಿಸಿ, ಹಳೇ ಗ್ರೀಸು ಹೊರಬಂದು ಹೊಸದು ಇಣುಕುವವರೆಗೆ ಪಂಪು ಮಾಡಬೇಕು. ಬೀಗಿ ಬಣ್ಣ ಹೊಡೆಸಿದ ಎಷ್ಟೋ ಕಾರುಗಳ ನಿಪ್ಪಲಿನ ಮೇಲೂ ಬಣ್ಣ ಕೂತಿರುತ್ತದೆ. ಗ್ರೀಸ್ ಗನ್ ಎಷ್ಟು ವರ್ಷದಿಂದ ಅತ್ತ ಸುಳಿದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಸ್ಪಿಟ್‌ಫೈರ್‌ನಲ್ಲಿ ಇದೇ ಜಾಗದ ಕೀಲಾದ ಟ್ರನಿಯನ್ನಿಗೆ ಮಾತ್ರ ಗ್ರೀಸ್ ಸಲ್ಲ, ಗೇರ್ ಆಯಿಲ್ಲೇ ಬೇಕು.

ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟಾಗ ಕಾರು ಒಮ್ಮೆ ಎದ್ದು ನಿಲ್ಲಬೇಕು. ತೊಟ್ಟಿಲು ತೂಗಿದರೆ ಲಿವರ್ ಬಗೆಯ ಶಾಕ್ ಅಬ್ಸಾರ್ಬರುಗಳಲ್ಲಿ ಆಯಿಲ್ ಇಲ್ಲ. ಬಾಗಿಲ ಕೆಳಗಿನ ಸಿಲ್ ಎಂಜಿಬಿಯ ಬೆನ್ನುಮೂಳೆ. ಕಾರು ಎತ್ತಿದಾಗ ಬಾಗಿಲಿನ ಸಂದು ಕಿರಿದಾದರೆ ಒಳಗೆ ತುಕ್ಕು ತಿಂದಿದೆ ಎಂದೇ ಲೆಕ್ಕ. ಅಂಥ ಕಾರಿಗೆ ಎಷ್ಟು ಒಳ್ಳೆಯ ಟೈರು ಹಾಕಿದರೂ ತಿರುವಿನಲ್ಲಿ ಮೈಯೇ ತಿರುಚಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ದೊಡ್ಡ ಮಾರ್ಪಾಡು ಆಗದ 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಎಂಓಟಿ ತಪಾಸಣೆಯಿಂದ ವಿನಾಯಿತಿಯಿದೆ. ಕಡ್ಡಾಯವಲ್ಲದಿದ್ದರೂ ಮಾಡಿಸಿ.

ಭಾರತದಲ್ಲೇ ಇಂಥ ಕಾರು ಇಟ್ಟುಕೊಂಡವರಿಗೆ 2021ರ ನಿಯಮ ಗೊತ್ತಿರಲಿ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ಎಂದು ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ ಶುಲ್ಕ. ಹತ್ತು ವರ್ಷ ಸಿಂಧು, ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ವಿಎ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗೆ ಓಡಿಸಬಹುದು. ದಿನಾ ಆಫೀಸಿಗೆ ಒಯ್ಯುವಂತಿಲ್ಲ.

ಹಳೇ ಕಾರಿನ ಮಾತುಗಾರಿಕೆ ಬೇಕು, ಗ್ರೀಸ್ ಗನ್ ಬೇಡ ಎನ್ನುವ ವಿದೇಶವಾಸಿಗಳಿಗೆ ನಡುದಾರಿಯೊಂದಿದೆ. ಮಾಜ್ದಾ ಕಂಪನಿ 1989ರಲ್ಲಿ ತಂದ ಎಂಎಕ್ಸ್-5. ಸುಮಾರು 680 ಕಿಲೋ ತೂಗುತ್ತಿದ್ದ, ಮೆತ್ತನೆ ಸ್ಪ್ರಿಂಗಿನಲ್ಲೂ ಕರಾರುವಾಕ್ಕಾಗಿ ತಿರುಗುತ್ತಿದ್ದ ಲೋಟಸ್ ಎಲಾನ್ ಎಂಬ 1962ರ ಕಾರನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ್ದು. ನಾಲ್ಕೂ ಕಡೆ ಡಬಲ್ ವಿಶ್‌ಬೋನ್, ನಾಲ್ಕೂ ಕಡೆ ಡಿಸ್ಕ್, ಹಿಂಚಕ್ರದ ಓಟ. ಮೊದಲ ತಲೆಮಾರಿನದು ಸಾವಿರ ಕಿಲೋಗಿಂತ ಕಡಿಮೆ ತೂಕ, ತಿರುವಿನಲ್ಲಿ ಎಂಜಿಬಿಯಂತೆಯೇ ವಾಲಿ ಹೇಳುತ್ತದೆ, ಹಿಡಿತ ಅದಕ್ಕಿಂತ ಎಷ್ಟೋ ಮೇಲು. ಕೊಳ್ಳುವಾಗ ಹಿಂಚಕ್ರದ ಮುಂದಿನ ಸಿಲ್ಲಿನ ತುಕ್ಕು ನೋಡಿ. ಚಕ್ರದ ಅಲೈನ್‌ಮೆಂಟ್ ಹೊಂದಿಸುವ ಬೋಲ್ಟುಗಳು ಬುಷ್ಷಿನೊಳಗೆ ಕಚ್ಚಿಕೊಂಡಿವೆಯೇ ಎಂದು ಮೆಕ್ಯಾನಿಕ್ಕಿನ ಕೈಯಲ್ಲಿ ತಿರುಗಿಸಿ ನೋಡಿಸಿ. ಕಚ್ಚಿಕೊಂಡಿದ್ದರೆ ಅಲೈನ್‌ಮೆಂಟ್ ಆಗುವುದಿಲ್ಲ, ತೋಳುಗಳನ್ನೇ ಬದಲಿಸಬೇಕಾಗುತ್ತದೆ. ಆ ಖರ್ಚನ್ನು ಮಾರುವವರಿಗೆ ಮೊದಲೇ ತಿಳಿಸಿ.